ಪಕ್ಕೆಯಿಂದ ಕೈ ಬರುವ ಕಾರು

ನನ್ನ ಅಜ್ಜ ಮಾಳಸಿದ್ದನಿಗೆ ಎಪ್ಪತ್ತನಾಲ್ಕು ವರ್ಷ. ಅವನ ಹತ್ತಿರ ನಲವತ್ತಮೂರು ಕುರಿಗಳಿವೆ, ಒಂದು ಕಂಬಳಿ ಇದೆ, ಒಂದು ಕಥೆ ಇದೆ. ಐನಾಪುರದಲ್ಲಿ ಕುರಿಯನ್ನೂ ಕಂಬಳಿಯನ್ನೂ ಎಲ್ಲರೂ ನಂಬುತ್ತಾರೆ. ಕಥೆಯನ್ನು ಮಾತ್ರ ಒಬ್ಬರೂ ನಂಬುವುದಿಲ್ಲ.

ಕಥೆ ಇಷ್ಟೇ. ಅಜ್ಜ ಎಂಟು ವರ್ಷದ ಹುಡುಗ. ಅವನ ಅಪ್ಪನ ಕುರಿಹಿಂಡು ಗೊಬ್ಬರಕ್ಕಾಗಿ ಬೋರಗಾಂವದ ಒಂದು ಹೊಲದಲ್ಲಿ ಕೂತಿತ್ತು. ಹೊಲ ನಿಪ್ಪಾಣಿಯ ಯಾವುದೋ ತಂಬಾಕು ಸಾವಕಾರರದು. ಒಂದು ದಿನ ಆ ಸಾವಕಾರರು ಕಾರಿನಲ್ಲಿ ಬಂದರು. ಆ ಕಾರಿಗೆ ಕೈಗಳಿದ್ದವು.

"ಎಡಕ್ಕ ಹೊಳ್ಳುದಿದ್ರ ಎಡಗೈ ಬರ್ತಿತ್ತು, ಬಲಕ್ಕ ಹೊಳ್ಳುದಿದ್ರ ಬಲಗೈ. ಎರಡೂ ಬಾಗಲಾ ನಡುವ, ಪಕ್ಕಿಯೊಳಗಿಂದ ಟಕ್ ಅಂತ ಹೊರಗ ಬರ್ತಿತ್ತು. ಕೈಯಾಗ ದೀಪಾ ಬ್ಯಾರೆ! ಡ್ರೈವರ್ ನನ್ನ ಕಡಿಂದನ ಬಟನ್ ಒತ್ತಿಸ್ಯಾನ," ಎಂದು ಅಜ್ಜ ಹೇಳುವಾಗ ಅವನ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿಕೊಳ್ಳುತ್ತದೆ.

"ಬರೇ ಕೈ ಬರ್ತಿತ್ತೇನು, ತಾಟ ಕೊಟ್ರ ಊಟಕ್ಕೂ ಕೂಡ್ತಿತ್ತೇನು?" ಎಂದು ನನ್ನ ಆಯಿ, ಅಂದರೆ ಅಜ್ಜಿ, ಸಾವಿತ್ರೆವ್ವ ಐವತ್ತು ವರ್ಷದಿಂದ ಇದೇ ಮಾತು ಕೇಳುತ್ತಾ ಬಂದಿದ್ದಾಳೆ. ಐವತ್ತು ವರ್ಷದಿಂದ ಎಲ್ಲರೂ ನಗುತ್ತಾ ಬಂದಿದ್ದಾರೆ. ನಾನೂ ನಕ್ಕವಳೇ.

ನಾನು ನಕ್ಕಿದ್ದು ಎಲ್ಲರಿಗಿಂತ ದೊಡ್ಡ ತಪ್ಪು. ಯಾಕೆಂದರೆ ಹಳೇ ಕಾರುಗಳ ವಿಷಯದಲ್ಲಿ ನಾನು ನಮ್ಮ ಮನೆಯ ಪಂಡಿತೆ. ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಎರಡನೇ ವರ್ಷ ಓದುತ್ತೇನೆ. ಓದಬೇಕಾದ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಗುಂಪಿನೊಳಗೆ ಬಿದ್ದಿರುತ್ತೇನೆ. ಅಲ್ಲಿ ಯಾರಾದರೊಬ್ಬರು ಹಳೇ ಬ್ರಿಟಿಷ್ ಕಾರಿನ ಫೋಟೋ ಹಾಕುತ್ತಾರೆ. ತಮ್ಮ ಅಜ್ಜನ ಮದುವೆಯದ್ದು, ಯಾವುದೋ ಸಮುದ್ರದ ದಂಡೆಯದ್ದು, ಮಂಜಿನಲ್ಲಿ ಅರ್ಧ ಹೂತದ್ದು. "ಇದು ಯಾವ ಕಾರು?" ಎಂದು ಕೇಳುತ್ತಾರೆ. ಉಳಿದವರು ಹೇಳಬೇಕು. ಅಷ್ಟೇ ಆಟ. ಇಂಗ್ಲೆಂಡಿನ ನಿವೃತ್ತ ಮುದುಕರೇ ಹೆಚ್ಚು. ಅವರ ನಡುವೆ ಐನಾಪುರದ ಭಾಗ್ಯಾ.

ಕಾರಿಗೂ ಮುಖ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲೇ. ಮೊದಮೊದಲಿನ ಮಾರಿಸ್ ಮೈನರಿಗೆ ಕಣ್ಣುಗಳು, ಅಂದರೆ ದೀಪಗಳು, ಕೆಳಗೆ, ಜಾಲರಿಯ ಹಲ್ಲಿನ ಪಕ್ಕದಲ್ಲೇ ಇರುತ್ತವೆ. ಆಮೇಲಿನವಕ್ಕೆ ಮೇಲೆ, ಕೆನ್ನೆಯ ಮೇಲೆ. ಮುಂದಿನ ಗಾಜಿನ ನಡುವೆ ಕಡ್ಡಿ ಇದ್ದರೆ ಹಳೆಯದು, ಒಂದೇ ಗಾಜಾದರೆ ಐವತ್ತಾರರ ನಂತರದ್ದು. ಆಗಿನ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡಿನ ಬೆನ್ನು ಆಮೆಯ ಹಾಗೆ ಜಾರಿಕೊಂಡು ಕೆಳಗಿಳಿಯುತ್ತದೆ. ಇವುಗಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡಿಲ್ಲ. ಆದರೂ ಅರ್ಧ ದೀಪ ತೋರಿಸಿದರೆ ಹೆಸರು ಹೇಳುತ್ತೇನೆ. ನನ್ನ ರೂಮಿನ ಗೆಳತಿ ಮಯೂರಿ ಇದಕ್ಕೆ ಕಾಯಿಲೆ ಎನ್ನುತ್ತಾಳೆ.

ಇಷ್ಟೆಲ್ಲ ಗೊತ್ತಿದ್ದೂ ಕೈಗಳ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಾದ ಪ್ರಸಂಗ ಆ ಭಾನುವಾರ ಬಂತು.

ನಾನು ಊರಿಗೆ ಹೋಗಿದ್ದೆ. ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆಯಿಯೇ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. ಹಿಂದಿನ ದಿನ ಅಜ್ಜ ಕುರಿಗಳನ್ನು ಕಾಲುವೆಯ ದಂಡೆಯ ಮೇಲೆ ಬಿಟ್ಟು ಒಬ್ಬನೇ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು ಚಹಾ ಕೇಳಿದ್ದನಂತೆ. "ಕುರಿ ಎಲ್ಲಿ?" ಎಂದಿದ್ದಕ್ಕೆ "ಯಾವ ಕುರಿ?" ಎಂದನಂತೆ. ಅಷ್ಟರಲ್ಲಿ ಹಿಂಡು ಪಕ್ಕದ ದಶರಥ ಕಾಕಾನ ಗೋವಿನಜೋಳಕ್ಕೆ ನುಗ್ಗಿತ್ತು. ಇದು ಎರಡನೇ ಸಲ.

ನನ್ನ ಅಪ್ಪ ಬೀರದೇವ ನಿರ್ಧಾರ ಮಾಡಿಬಿಟ್ಟಿದ್ದ. ಅವನು ಹಗಲೆಲ್ಲ ಕಬ್ಬಿನ ಹೊಲದಲ್ಲಿರುತ್ತಾನೆ. ಕುರಿ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ರಾಯಬಾಗದ ಕಡೆಯ ಒಬ್ಬ ಕುರಿ ವ್ಯಾಪಾರಿ ಮುಂದಿನ ಭಾನುವಾರ ಗಾಡಿ ತರುತ್ತಾನೆ. ನಲವತ್ತಮೂರೂ ಹೋಗುತ್ತವೆ.

ಊಟಕ್ಕೆ ಕೂತಾಗ ಅಪ್ಪ ಮೆತ್ತಗೆ ಮಾತು ತೆಗೆದ. "ಯಪ್ಪಾ, ನಾ ಸಿಟ್ಟಿಲೆ ಅನ್ನಾಕತ್ತಿಲ್ಲ. ಅದು ಕಾಲುವಿ. ನಾಳೆ ನೀನ ಕಾಲ ಜಾರಿ ಬಿದ್ರ? ನಿನ್ನ ತಲ್ಯಾಗ ಇದ್ದದ್ದ ಯಾವುದು, ಇಲ್ಲದ್ದ ಯಾವುದು ಅಂತ ನಿನಗ ತಿಳಿವಲ್ದು. ಆ ಕಾರಿನ ಕೈಯಿದ್ದಂಗ."

ಅಜ್ಜನ ತುತ್ತು ಕೈಯಲ್ಲೇ ನಿಂತಿತು.

"ಕುರಿ ಮರತದ್ದ ಖರೆ," ಎಂದ. "ಆದ್ರ ಕಾರಿನ ಕೈ ಸುಳ್ಳಲ್ಲ."

"ಮತ್ತ ಅದ..." ಎಂದು ಅಪ್ಪ ಶುರು ಮಾಡಿದ.

"ತಡಿ. ಆ ಕಾರ್ ಸುಳ್ಳಾತಂದ್ರ ನನ್ನ ತಲಿ ಕೆಟ್ಟೈತಿ ಅಂತ ನಾನ ಒಪ್ಕೋತೀನಿ. ನೀ ಕುರಿ ಮಾರು, ನಾ ಬಾಯಿ ಬಿಡಂಗಿಲ್ಲ. ಖರೆ ಆತಂದ್ರ ನನ್ನ ಕುರಿ ನನಗ ಬಿಡಬೇಕು."

"ಅರವತ್ತ ವರ್ಷದ ಹಿಂದಿನ ಕಾರ್ ಎಲ್ಲಿಂದ ತರ್ತೀ ಯಪ್ಪಾ?" ಎಂದು ಅಪ್ಪ ಸುಸ್ತಾಗಿ ಕೇಳಿದ.

ಅಜ್ಜ ನನ್ನ ಕಡೆ ನೋಡಿದ. ಆಯಿ ನನ್ನ ಕಡೆ ನೋಡಿದಳು. ನನ್ನ ಬಾಯಿಯಲ್ಲಿ ರೊಟ್ಟಿ ಇತ್ತು. ಅದಕ್ಕೇ ಇಲ್ಲ ಎನ್ನಲು ಆಗಲಿಲ್ಲ.

ಸೋಮವಾರ ಚಿಕ್ಕೋಡಿಯ ಬಸ್ಸಿನಲ್ಲಿ ಕೂತೇ ಗುಂಪಿಗೆ ಪ್ರಶ್ನೆ ಹಾಕಿದೆ: "ದಯವಿಟ್ಟು ನಗಬೇಡಿ. ಪಕ್ಕೆಯಿಂದ ಕೈ ಬರುವ ಬ್ರಿಟಿಷ್ ಕಾರು ಏನಾದರೂ ಇತ್ತೇ?"

ಯಾರೂ ನಗಲಿಲ್ಲ. ಡೆರೆಕ್ ಎಂಬ ಮುದುಕ ಎರಡೇ ನಿಮಿಷದಲ್ಲಿ ಉತ್ತರಿಸಿದ: "ಯಾವ ಕಾರಿಗೆ ಇರಲಿಲ್ಲ ಎಂದು ಕೇಳು, ಹೇಳುವುದು ಸುಲಭ."

ನಾನು ಸೀಟಿನಿಂದ ಎದ್ದೇ ನಿಂತೆ. ಕಂಡಕ್ಟರ್ "ಏನ್ ಬೇ, ಇಳಿತೀಯೇನು?" ಎಂದ. "ಇಲ್ರಿ, ಕೈ ಬಂದೈತ್ರಿ," ಎಂದೆ. ಅವನು ಮುಂದೆ ಹೋದ.

ಆಗಿನ ಕಾರುಗಳಿಗೆ ಮಿನುಗುವ ಇಂಡಿಕೇಟರ್ ಇರಲಿಲ್ಲವಂತೆ. ಎರಡು ಬಾಗಿಲುಗಳ ನಡುವಿನ ಕಂಬದಲ್ಲಿ ಒಂದು ಸೀಳು. ಅದರೊಳಗೆ ಗೇಣುದ್ದದ ಒಂದು ಪಟ್ಟಿ ಮಲಗಿರುತ್ತಿತ್ತು. ಬಟನ್ ಒತ್ತಿದರೆ ರೈಲಿನ ಸಿಗ್ನಲ್ ಹಾಗೆ ಹೊರಗೆ ಬಂದು ಉರಿಯುತ್ತಿತ್ತು. ತಿರುಗಿದ ಮೇಲೆ ಮತ್ತೆ ಒಳಗೆ. ನಿಂತ ಕಾರಿನಲ್ಲಿ ಅದು ಒಳಗೇ ಇರುತ್ತದೆ. ಫೋಟೋಗಳಲ್ಲಿ ಕಾರುಗಳು ಯಾವಾಗಲೂ ನಿಂತೇ ಇರುತ್ತವೆ. ಅದಕ್ಕೇ ನಾನು ಇಷ್ಟು ಫೋಟೋ ನೋಡಿಯೂ ಒಂದು ಕೈಯನ್ನೂ ನೋಡಿರಲಿಲ್ಲ. ಅಜ್ಜ ನೋಡಿದ್ದ, ಯಾಕೆಂದರೆ ಅಜ್ಜ ನೋಡಿದ್ದು ಕಾರನ್ನು. ನಾನು ನೋಡಿದ್ದು ಬರೀ ಫೋಟೋ.

ಡೆರೆಕ್ ಒಂದು ವಿಡಿಯೋ ಕಳಿಸಿದ. ನಾನು ಅದನ್ನು ಅಪ್ಪನಿಗೆ ಕಳಿಸಿದೆ. ಅಪ್ಪನ ಧ್ವನಿ ಸಂದೇಶ ಬಂತು, ಹಿಂದೆ ಟ್ರ್ಯಾಕ್ಟರ್ ಸದ್ದು: "ಈಗ ಫೋನದಾಗ ಆನಿ ಹಾರಸ್ತಾರ ಬಿಡು. ಲಂಡನ್ನಾಗ ಇರಬಹುದು, ಯಾರ್ ಬ್ಯಾಡಂದಾರ? ನಿಪ್ಪಾಣಿ ಸಾವಕಾರನ ಕಾರಿಗೆ ಇತ್ತೇನು? ಅದನ್ನ ತೋರ್ಸು."

ಅದೂ ಸರಿಯೇ. ಪಣ ಕಟ್ಟಿದ್ದು ಆ ಕಾರಿನ ಮೇಲೆ.

ಮಯೂರಿ ನಿಪ್ಪಾಣಿಯವಳು. "ತಂಬಾಕು ಸಾವಕಾರ ಅಂದ್ರ ನಿಪ್ಪಾಣ್ಯಾಗ ಒಬ್ಬನ ಏನ್ಲೇ? ಅರ್ಧಾ ಊರ ಸಾವಕಾರ್ರ ಇದ್ರು," ಎಂದಳು.

"ಬೋರಗಾಂವದಾಗ ಹೊಲ ಇದ್ದಾಂವ. ಐವತ್ತೆಂಟ್ರಾಗ ಕಾರ್ ಇದ್ದಾಂವ."

ಅವಳು ಅವ್ವನಿಗೆ ಫೋನು ಮಾಡಿದಳು. ಅವಳ ಅವ್ವ ಇನ್ನಾರಿಗೋ ಮಾಡಿದಳು. ಬುಧವಾರ ಮಧ್ಯಾಹ್ನ ನಾವಿಬ್ಬರೂ ಕಾಸ್ಟ್ ಅಕೌಂಟಿಂಗ್ ಕ್ಲಾಸು ತಪ್ಪಿಸಿ ನಿಪ್ಪಾಣಿಯ ಒಂದು ಹಳೇ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಎದುರಿಗೆ ಶುಭಾಂಗಿ ಕಾಕು, ಅರವತ್ತು ದಾಟಿದವರು. ಬೋರಗಾಂವದಲ್ಲಿ ಹೊಲವಿದ್ದ ಆ ಸಾವಕಾರರ ಸೊಸೆ. ತಂಬಾಕಿನ ವ್ಯಾಪಾರ ನಿಂತು ಎಷ್ಟೋ ಕಾಲವಾಗಿತ್ತು. ಮುಂದಿನ ಕೋಣೆಯಲ್ಲಿ ಈಗ ಅವರ ಮಗನ ಮೊಬೈಲ್ ರಿಪೇರಿ ಅಂಗಡಿ.

"ಬಸಾ, ಬಸಾ, ಕುಂದರ್ರಿ. ಕಾರ್ ನೋಡಾಕ ಬಂದೀರಿ? ಅಯ್ಯ, ಆ ಗಾಡಿ ನಾ ಲಗ್ನಾ ಆಗಿ ಬರೂದ್ರಾಗ ಇರಲಿಲ್ಲ ಬಾಳಾ. ನಮ್ಮ ಸಾಸರೇಬುವಾ, ನಮ್ಮ ಮಾವ, ಅದನ್ನ ಕೊಟ್ಟಬಿಟ್ಟಿದ್ರು. ಫೋಟೋ ಐತಿ ನೋಡ್ರಿ," ಎಂದು ಗೋಡೆ ತೋರಿಸಿದರು.

ನಾನು ಜಿಗಿದೆದ್ದೆ. ಹತ್ತಿರ ಹೋದೆ. ಹೋಗಿ ಪ್ರಯೋಜನವಾಗಲಿಲ್ಲ.

ಅದು ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನದ ಫೋಟೋ. ಮನೆಯವರೆಲ್ಲ ಕಾರಿನ ಸುತ್ತ ನಿಂತಿದ್ದಾರೆ. ಕಾರಿನ ಎರಡೂ ಬದಿಗೆ ಕಬ್ಬು ಕಟ್ಟಿದ್ದಾರೆ. ಮುಂದಿನ ಹಲ್ಲು, ಹೆಸರು, ಗುರುತು ಒಂದೂ ಕಾಣದಂತೆ ಚೆಂಡುಹೂವಿನ ಮಾಲೆಗಳು. ದೀಪಗಳ ಮೇಲೆ ಕುಂಕುಮದ ದೊಡ್ಡ ಬೊಟ್ಟು. ಗಾಜಿನ ಮೇಲೆ ಸ್ವಸ್ತಿಕ. ಕಾರಿಗೆ ಮದುಮಗನ ಹಾಗೆ ಬಾಸಿಂಗ ಕಟ್ಟಿ ಮುಖ ಮುಚ್ಚಿಬಿಟ್ಟಿದ್ದರು.

"ಇದು ಯಾವ ಕಾರ್ರಿ ಕಾಕು?"

"ಆ್ಯಂಬ್ಯಾಸಿಡರ್ ಇರಬೇಕ ಬಾ. ಆವಾಗ ಎಲ್ಲಾ ಅದ ಇದ್ವಲ್ಲ."

ಆ್ಯಂಬ್ಯಾಸಿಡರ್ ಅಲ್ಲ ಎನ್ನುವುದು ಬಾಗಿಲಿನಿಂದಲೇ ಗೊತ್ತಾಗಿತ್ತು. ಇದರ ಬೆನ್ನು ಗುಂಡಗೆ, ಮೂಗು ಉಬ್ಬಿದ್ದು, ಮುಂದಿನ ಚಕ್ರದ ಮೇಲಿನ ಉಬ್ಬುಗಳು ಇಳಿದು ಬಾಗಿಲಿನೊಳಗೆ ಕರಗುವಂಥವು. ಕಾಕುವಿನ ಅನುಮತಿ ಕೇಳಿ ಫೋಟೋ ಕೆಳಗಿಳಿಸಿದೆ. ಹಿಂದೆ ಪೆನ್ಸಿಲಿನಲ್ಲಿ ಮರಾಠಿಯಲ್ಲಿ ಬರೆದಿತ್ತು: ದಸರಾ, ೧೯೫೮. ಮಯೂರಿ ನನ್ನ ತೋಳು ಚಿವುಟಿದಳು. ಅಜ್ಜನ ಎಂಟನೇ ವರ್ಷ!

ಫೋನಿನಲ್ಲಿ ಫೋಟೋ ತೆಗೆದು ಬೆರಳಿನಿಂದ ಹಿಗ್ಗಿಸುತ್ತಾ ಹೋದೆ. ಹೂವು, ಹೂವು, ಒಬ್ಬ ಹೆಂಗಸಿನ ಬಳೆ, ಮತ್ತೆ ಹೂವು. ಎರಡು ಬಾಗಿಲುಗಳ ನಡುವೆ ಬಂದಾಗ ಬೆರಳು ನಿಂತಿತು. ಅಲ್ಲಿ ಕಾರಿನ ಮೈಯಿಂದ ಹೊರಗೆ, ಒಂದು ಅಳತೆಪಟ್ಟಿಯಷ್ಟು ಉದ್ದದ ಏನೋ ಅಡ್ಡಕ್ಕೆ ಚಾಚಿಕೊಂಡಿತ್ತು. ಅದರ ತುದಿಗೆ ಒಂದೇ ಒಂದು ಚೆಂಡುಹೂವು.

"ಕಾಕು, ಇದೇನ್ರಿ?"

ಅವರು ಕನ್ನಡಕ ಏರಿಸಿ ನೋಡಿದರು. "ಅದಾ? ಊದಿನಕಡ್ಡಿ ಚುಚ್ಚುದು. ನಮ್ಮ ಸಾಸೂಬಾಯಿ, ಅತ್ತಿಯವ್ರು, ಹಂಗ ಹೇಳ್ತಿದ್ರು."

"ಊದಿನಕಡ್ಡಿ ಕಾರಿನ ಪಕ್ಕಿಗೆ ಯಾರ್ರಿ ಚುಚ್ಚತಾರ?" ಎಂದು ಮಯೂರಿ ಕೇಳಿದಳು.

"ಶ್ರೀಮಂತರದು ಬಾ, ಎಲ್ಲಿ ಬೇಕಾದಲ್ಲಿ ಚುಚ್ಚತಾರ."

ನಾನು ಅಲ್ಲೇ ನೆಲದ ಮೇಲೆ ಕೂತು ಫೋಟೋವನ್ನು ಗುಂಪಿಗೆ ಹಾಕಿದೆ. ಮುಖ ಮುಚ್ಚಿದ ಕಾರು ಕಂಡು ಮುದುಕರಿಗೆ ಹಬ್ಬವಾಯಿತು. ಒಬ್ಬ ಹಿಲ್ಮನ್ ಎಂದ. ಒಬ್ಬ ವ್ಯಾನ್‌ಗಾರ್ಡ್ ಎಂದ; ಬೆನ್ನು ಜಾರಿಲ್ಲ, ನೋಡಿ ಎಂದೆ, ಕ್ಷಮೆ ಕೇಳಿದ. ಆಮೇಲೆ ಡೆರೆಕ್ ಬರೆದ: "ಮಧ್ಯದ ಮಾಲೆ ಎಲ್ಲಿ ತೂಗುಬಿದ್ದಿದೆ ನೋಡು. ಮೂಗಿನ ತುದಿಯಲ್ಲಿ ಅದಕ್ಕೆ ಏನೋ ಆಸರೆ ಇದೆ."

ಹಿಗ್ಗಿಸಿದೆ. ಇತ್ತು. ಮಾಲೆ ಎರಡು ಕಡೆಗೆ ಇಳಿಯುವ ಜಾಗದಲ್ಲಿ, ಹೂವುಗಳ ನಡುವಿನಿಂದ ಹಿಂದಕ್ಕೆ ಒಂದು ಸಣ್ಣ ರೆಕ್ಕೆ ಮೇಲೆದ್ದಿತ್ತು.

ರೆಕ್ಕೆ ಇರುವ ಮೂಗು ಆಸ್ಟಿನ್ ಕಾರಿನದು. ಆಸ್ಟಿನ್ನುಗಳಲ್ಲಿ ಈ ಆಕಾರದವು ಎರಡು, ಅಣ್ಣ ತಮ್ಮ. ಅಣ್ಣ ಹ್ಯಾಂಪ್‌ಶೈರ್, ಅವನ ಹಿಂದಿನ ಚಕ್ರ ಅರ್ಧ ಮುಚ್ಚಿರುತ್ತದೆ. ತಮ್ಮ ಎ-ನಲವತ್ತು ಡೆವನ್, ಅವನ ಚಕ್ರ ಪೂರ್ತಿ ಕಾಣುತ್ತದೆ. ಹಿಂದಿನ ಚಕ್ರದ ಮುಂದೆ ಕಾಕುವಿನ ಅತ್ತೆ ಹದಿನಾರು ಮೊಳದ ಸೀರೆ ಉಟ್ಟು ಗಟ್ಟಿಯಾಗಿ ನಿಂತಿದ್ದರು. ಆದರೆ ಅವರ ಮೊಣಕೈಯ ಕೆಳಗೆ ಒಂದು ಸಂದು ಇತ್ತು. ಆ ಸಂದಿನಲ್ಲಿ ಚಕ್ರದ ಮೇಲಿನ ಅಂಚು, ಯಾವ ಮುಚ್ಚಳವೂ ಇಲ್ಲದೆ, ಬೆಳ್ಳಗೆ ಕಾಣುತ್ತಿತ್ತು.

"ಡೆವನ್!" ಎಂದು ಕೂಗಿದೆ. ಮುಂದಿನ ಕೋಣೆಯಲ್ಲಿ ಯಾರದೋ ಫೋನು ಬಿಚ್ಚುತ್ತಿದ್ದ ಕಾಕುವಿನ ಮಗ ಓಡಿ ಬಂದ.

ಆದರೆ ಕೈಯ ವಿಷಯಕ್ಕೆ ಗುಂಪು ಒಪ್ಪಲಿಲ್ಲ. ಡೆವನ್ನಿಗೆ ಕೈ ಇರುವುದು ಅಲ್ಲೇ, ಸರಿ. ಆದರೆ ಎಂಜಿನ್ ಆರಿಸಿ, ಮನೆಮಂದಿ ಎಲ್ಲ ನಿಂತು ಫೋಟೋ ತೆಗೆಸಿಕೊಳ್ಳುವಾಗ ಕೈ ಯಾಕೆ ಹೊರಗಿದೆ? ಯಾರೂ ಎಲ್ಲಿಗೂ ತಿರುಗುತ್ತಿಲ್ಲ. ಅದು ಮುರಿದದ್ದಿರಬೇಕು, ಇಲ್ಲವೇ ಅಲಂಕಾರದ ಕೋಲು, ಎಂದರು.

ನಾನು ಆ ಒಂದು ಹೂವನ್ನೇ ನೋಡುತ್ತಾ ಕೂತೆ. ನಮ್ಮ ಮನೆಯ ಖಂಡೇಪೂಜೆ ಕಣ್ಣ ಮುಂದೆ ಬಂತು. ಅಜ್ಜ ಉಣ್ಣೆ ಕತ್ತರಿಸುವ ಕತ್ತರಿಯನ್ನು ತೊಳೆದು, ಕಂಬಳಿಯ ಮೇಲೆ ಇಡುತ್ತಾನೆ. ಮುಚ್ಚಿ ಇಡುವುದಿಲ್ಲ. ಬಾಯಿ ತೆರೆದೇ ಇಡುತ್ತಾನೆ. ಎರಡೂ ಅಲಗಿಗೆ ಬೇರೆಬೇರೆ ಅರಿಶಿನದ ಭಂಡಾರ, ಬೇರೆಬೇರೆ ಹೂವು. ಚಿಕ್ಕವಳಿದ್ದಾಗ ನಾನು ಒಮ್ಮೆ ಮುಚ್ಚಿಟ್ಟಿದ್ದೆ. "ಕೆಲಸಾ ಮಾಡು ಅಂಗಾ ಒಳಗ ಇಟ್ರ ಪೂಜಿ ಯಾವುದಕ್ಕ ಮಾಡ್ತಿ?" ಎಂದು ಬೈದಿದ್ದ. ಅಪ್ಪ ಪಂಪ್‌ಸೆಟ್ಟಿನ ಮುಚ್ಚಳ ತೆಗೆದೇ ಕುಂಕುಮ ಹಚ್ಚುತ್ತಾನೆ.

ಆ ಡ್ರೈವರೂ ಅದನ್ನೇ ಮಾಡಿದ್ದ. ಕಾರಿನ ಕೆಲಸ ಮಾಡುವ ಅಂಗಗಳಿಗೆಲ್ಲ ಹೂವು ಏರಿಸಿದ. ಒಳಗೆ ಮಲಗಿದ್ದ ಕೈಗೂ ಪೂಜೆ ಆಗಬೇಕಲ್ಲ, ಬಟನ್ ಒತ್ತಿ ಹೊರಗೆ ತೆಗೆದ.

ಇದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದೆ. ಡೆರೆಕ್ ಉತ್ತರಿಸಿದ: "ನಾನು ಐವತ್ತು ವರ್ಷ ಈ ಕೈಗಳನ್ನು ರಿಪೇರಿ ಮಾಡಿದ್ದೇನೆ, ಬೈದಿದ್ದೇನೆ, ಒದ್ದಿದ್ದೇನೆ. ಯಾರಾದರೂ ಅದಕ್ಕೆ ಹೂವು ಇಟ್ಟದ್ದು ಇದೇ ಮೊದಲು ನೋಡಿದ್ದು. ನೀನು ಹೇಳಿದ್ದೇ ಸರಿ."

ಶನಿವಾರ ಸಂಜೆ ಐನಾಪುರದಲ್ಲಿ, ಬಿಸಿಲು ಇನ್ನೂ ಇರುವಾಗಲೇ, ಅಪ್ಪನ ಕೈಗೆ ಫೋನು ಕೊಟ್ಟೆ. ಅಪ್ಪ ನೋಡಿದ. ಹಿಗ್ಗಿಸಿದ. ಡೆರೆಕ್ ಕಳಿಸಿದ್ದ ಇನ್ನೊಂದು ಡೆವನ್ನಿನ ಫೋಟೋ ಪಕ್ಕದಲ್ಲಿಟ್ಟು ನೋಡಿದ. ಕತ್ತರಿಯ ಮಾತು ಹೇಳಿದಾಗ ತಲೆ ಎತ್ತಿದ.

"ಐತಿ ಬಿಡು," ಎಂದ. "ಕೈ ಐತಿ."

ಆಯಿ ಫೋನು ಕಸಿದುಕೊಂಡು ನೋಡಿ, "ಅಯ್ಯ, ಖರೇನ! ಐವತ್ತ ವರ್ಷ ಈ ಮನಷ್ಯಾಗ ಸುಮ್ಮ ನಕ್ಕೆನಲ್ಲವಾ!" ಎಂದು, ಆ ಸಂತೋಷಕ್ಕೆ ಮತ್ತೊಮ್ಮೆ ನಕ್ಕಳು.

ಅಜ್ಜ ಗೆದ್ದವನ ಹಾಗೆ ಕುಣಿಯಬಹುದೆಂದು ನಾನು ಕಾಯುತ್ತಿದ್ದೆ. ಅವನು ಫೋಟೋವನ್ನು ಒಂದು ಸಲ ನೋಡಿ, "ಹೂಂ, ಇದ," ಎಂದ, ಅಷ್ಟೇ. ಅವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅವನ ಕುತೂಹಲ ಬೇರೆ ಕಡೆಗಿತ್ತು.

"ಮಾರಿ ತುಂಬಾ ಹೂವ ಮುಚ್ಚ್ಯಾರ. ಹೆಸರ ಕಾಣವಲ್ದು. ನೀ ಹೆಂಗ ಗುರ್ತ ಹಿಡದಿ?"

"ಬೆನ್ನ ನೋಡಿ ಅಜ್ಜಾ. ಮೂಗಿನ ತುದಿ ನೋಡಿ. ಹಿಂದಿನ ಗಾಲಿ ನೋಡಿ."

"ಹಂಗಾರ ಕುರಿ ಗುರ್ತ ಹಿಡದಂಗ ಹಿಡದಿ," ಎಂದು ತಲೆದೂಗಿದ.

ಅಪ್ಪ ಮಾತ್ರ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದ. "ಯಪ್ಪಾ, ನಾ ಮಾತಿಗಿ ತಪ್ಪಾಂವಲ್ಲ. ನೀ ಗೆದ್ದಿ. ಆದ್ರ ಒಂದ ಕೇಳ್ತೀನಿ. ಅರವತ್ತಾರ ವರ್ಷದ ಹಿಂದಿಂದು ನಿನಗ ಕನ್ನಡಿಯಾಗ ಕಂಡಂಗ ಐತಿ. ಮೊನ್ನಿ ಕಾಲುವಿ ದಂಡಿ ಯಾಕ ಮರೀತು?"

ಇದು ನನಗೆ ಹೊಳೆದೇ ಇರಲಿಲ್ಲ. ನಿಪ್ಪಾಣಿಯಿಂದ ಇಲ್ಲಿಯವರೆಗೆ ನಾನು ಕುಣಿದುಕೊಂಡೇ ಬಂದಿದ್ದೆ. ನಾನು ಪತ್ತೆ ಹಚ್ಚಿದ್ದು ಅಜ್ಜನ ತಲೆಯಲ್ಲಿ ೧೯೫೮ ಚೆನ್ನಾಗಿದೆ ಎಂದಷ್ಟೇ. ಈ ವಾರ ಹೇಗಿದೆ ಎನ್ನುವುದಕ್ಕೆ ನನ್ನ ಹತ್ತಿರ ಫೋಟೋ ಇರಲಿಲ್ಲ.

ಅಜ್ಜ ಫೋನನ್ನು ನನಗೆ ವಾಪಸು ಕೊಟ್ಟ. ಆಮೇಲೆ ಹೇಳಿದ, "ನನಗೂ ಅದ ಅಂಜಿಕಿ ಐತಿ ಬೀರ್ಯಾ. ಒಂದ ಮಾಡು. ಈ ಹುಡುಗಿ ಕಾರಿಗಿ ಮಾಡಿದಂಗ ನನಗ ಮಾಡು. ನಾಳೆ ಮುಂಜಾನೆ ಕುರಿ ಫೋಟೋ ತಗದು ತೋರ್ಸು. ಮಾರಿ ತೋರಸಬ್ಯಾಡ. ಹಿಂದ ತೋರ್ಸು. ನನ್ನ ಕುರಿ ನನಗ ತಿಳೀಲಿಲ್ಲಂದ್ರ ಕಾರಿನ ಪಣಾ ಬಿಟ್ಟಬಿಡು, ವ್ಯಾಪಾರಿಗಿ ಗಾಡಿ ತರಾಕ ಹೇಳು."

ಗೆದ್ದ ಪಣವನ್ನು ತಾನೇ ವಾಪಸು ಕೊಟ್ಟ! ನನಗೆ ಅವನನ್ನು ಅಲುಗಾಡಿಸಬೇಕೆನಿಸಿತು.

ವ್ಯಾಪಾರಿ ಹತ್ತು ಗಂಟೆಗೆ ಬರುವವನಿದ್ದ. ಏಳಕ್ಕೇ ಅಪ್ಪ ನನ್ನ ಫೋನು ಹಿಡಿದು ಕುರಿದೊಡ್ಡಿಗೆ ಇಳಿದ. ಮೋಸ ಮಾಡುವುದಿದ್ದರೆ ಪೂರ್ತಿ ಮಾಡಬೇಕು ಎಂದುಕೊಂಡನೇನೋ, ದಶರಥ ಕಾಕಾನ ದೊಡ್ಡಿಗೂ ಹೋಗಿ ಆರು ಫೋಟೋ ತೆಗೆದು ನಡುವೆ ಸೇರಿಸಿದ. ಒಟ್ಟು ಇಪ್ಪತ್ತನಾಲ್ಕು. ಎಲ್ಲವೂ ಹಿಂಭಾಗ. ಅವಸರದಲ್ಲಿ ಒಂದನ್ನು ಎಲ್ಲಿಯೋ ಒತ್ತಿ ನನ್ನ ಕಾರಿನ ಗುಂಪಿಗೂ ಕಳಿಸಿಬಿಟ್ಟ. ನಾನು ಅಳಿಸುವುದರೊಳಗೆ ಇಬ್ಬರು ಉತ್ತರಿಸಿದ್ದರು. ಹಿಂಭಾಗ ನೋಡಿದರೆ ವ್ಯಾನ್‌ಗಾರ್ಡ್ ಇರಬಹುದಂತೆ.

ಅಜ್ಜ ಕಣ್ಣಿನ ಆಪರೇಶನ್ನಿನ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ನಾನು ಒಂದೊಂದೇ ಸರಿಸಿದೆ.

"ಜೋಲಗಿವಿ. ಅದು ಅದರ ತಂಗಿ. ಇದು ಹ್ವಾದ ವರ್ಷ ನಾಯಿ ಕಡದದ್ದು, ತೊಡಿ ಮ್ಯಾಲ ಉಣ್ಣಿ ಬಂದಿಲ್ಲ ನೋಡು. ಮುಂದ. ಇದು ಬೋಳಿ. ಇದು..." ಅವನು ನಿಂತ. "ಇದು ದಶರಥನ್ದು. ಅದರ ಬಾಲಾ ನೋಡು, ದಶರಥನ ಮೂಗಿದ್ದಂಗ ಐತಿ."

ಆಯಿ ಅಕ್ಕಿ ಆರಿಸುವ ಮೊರ ಬದಿಗಿಟ್ಟು ಬಂದು ಕೂತಳು. ಅಪ್ಪ ಒಂದು ಕಾಗದದಲ್ಲಿ ಗೆರೆ ಎಳೆಯುತ್ತಿದ್ದ. ದಶರಥ ಕಾಕಾನ ಆರನ್ನೂ ಅಜ್ಜ ಹೊರಗೆ ಹಾಕಿದ. ಉಳಿದವು ಒಂದೂ ತಪ್ಪಲಿಲ್ಲ. ಕೊನೆಯ ಎರಡು ಬರುವವರೆಗೆ.

ಕೊನೆಯ ಎರಡು ಮರಿಗಳು. ಅಜ್ಜ ಫೋನನ್ನು ಕಣ್ಣ ಹತ್ತಿರ ತಂದ. ದೂರ ಹಿಡಿದ.

"ಇವು ನಮ್ಮವಲ್ಲ," ಎಂದ. ಆಮೇಲೆ ನಮ್ಮ ಮುಖಗಳನ್ನು ನೋಡಿದ. "ನಮ್ಮವೇನ?"

ಅಪ್ಪನೇ ಬಾಯಿ ಬಿಟ್ಟ, ಬಹಳ ಮೆತ್ತಗೆ. "ನಮ್ಮವ ಯಪ್ಪಾ. ಮಂಗಳ್ವಾರ ಹುಟ್ಯಾವ. ನೀನೂ ಇದ್ದಿ. ನಾನ ಹಿಡದ ಹೊರಗ ತಗದೇನಿ."

ಅಜ್ಜನಿಗೆ ನೆನಪಿರಲಿಲ್ಲ. ಅದು ಅವನ ಮುಖದ ಮೇಲೆ ಎಲ್ಲರಿಗೂ ಕಾಣುವಂತಿತ್ತು. ನಾನು ಗಡಿಯಾರ ನೋಡಿದೆ, ಒಂಬತ್ತೂಕಾಲು.

"ತಾಯಿ ಯಾವುದು?" ಎಂದು ಅಜ್ಜ ಕೇಳಿದ.

"ಯಾವುದೋ ಕರೀ ಕುರಿ."

"ಕರೀ ಕುರಿ ಹತ್ತೊಂಬತ್ತ ಅದಾವ. ಯಾವುದು?"

ಅಪ್ಪ ತಲೆ ಕೆರೆದುಕೊಂಡ. ಹೊತ್ತಿಲ್ಲದ ಹೊತ್ತಿನಲ್ಲಿ, ಕಬ್ಬಿಗೆ ನೀರು ಬಿಡುವ ಅವಸರದಲ್ಲಿ ಮರಿ ಹಿಡಿದಿದ್ದ. ತಾಯಿಯ ಮುಖ ನೋಡಿರಲಿಲ್ಲ.

ಅಜ್ಜ ಮತ್ತೆ ಫೋಟೋ ನೋಡಿದ. ಈ ಸಲ ನಾನು ಡೆವನ್ನಿನ ಚಕ್ರ ನೋಡಿದ ಹಾಗೆ, ಮೂಲೆಯಿಂದ ಮೂಲೆಗೆ. "ಹಿಂಗಾಲ ಹೊರಗ ಹೊಳ್ಳ್ಯಾವ ಎರಡಕ್ಕೂ. ಬಾಲದ ಬುಡಕ ಸುಳಿ ಐತಿ. ಇವು ಬೋಳಿ ಮಗಳ ಮರಿ. ಬೋಳಿಗೂ ಹಿಂಗ ಐತಿ, ಬೋಳಿ ಅವ್ವಗೂ ಹಿಂಗ ಇತ್ತು. ಹುಟ್ಟಿದ್ದ ನನಗ ನೆನಪಿಲ್ಲ. ಯಾರಿಗಿ ಹುಟ್ಯಾವ ಅಂತ ಹೇಳ್ತೀನಿ."

ಅಪ್ಪ ದೊಡ್ಡಿಗೆ ಹೋಗಿ, ಬೇರೆ ಇಟ್ಟಿದ್ದ ಎರಡೂ ಮರಿಗಳನ್ನು ಹಿಡಿದು ತಂದು ಹಿಂಡಿನ ನಡುವೆ ಬಿಟ್ಟ. ಅವು ನಾಲ್ಕಾರು ಕಾಲುಗಳ ಸಂದಿನಲ್ಲಿ ತಡಕಾಡಿ, ಎರಡು ಕುರಿಗಳಿಂದ ಒದೆ ತಿಂದು, ಮೂರನೆಯದರ ಹೊಟ್ಟೆಯ ಕೆಳಗೆ ನುಗ್ಗಿ ಬಾಲ ಅಲ್ಲಾಡಿಸತೊಡಗಿದವು.

"ಅದ ಏನು?" ಎಂದು ಅಜ್ಜ ಕಟ್ಟೆಯ ಮೇಲಿಂದಲೇ ಕೇಳಿದ.

"ಅದ ಏನಂದ್ರ? ನನಗೇನ್ ತಿಳೀತೈತಿ ಯಪ್ಪಾ, ಎಲ್ಲಾ ಕರೀನ ಅದಾವ!"

ನಾನು ಆ ಕುರಿಯ ಹಿಂಭಾಗದ ಫೋಟೋ ತೆಗೆದು ಅಜ್ಜನಿಗೆ ತಂದು ತೋರಿಸಿದೆ. ಬೋಳಿಯ ಮಗಳೇ ಎಂದ.

ಅಪ್ಪ ದೊಡ್ಡಿಯ ಬೇಲಿಗೆ ಒರಗಿದ. ಆಮೇಲೆ ಕಿಸೆಯಿಂದ ತನ್ನ ಫೋನು ತೆಗೆದು ವ್ಯಾಪಾರಿಗೆ ಮಾಡಿದ. "ಇಲ್ರಿ, ಬರಬ್ಯಾಡ್ರಿ. ಮಾರಂಗಿಲ್ಲ. ರೇಟಿನ ಮಾತಲ್ರಿ... ಏನಂದ್ರ, ಕುರಿ ಗುರ್ತ ಇದ್ದಾಂವ ನಮ್ಮನ್ಯಾಗ ಒಬ್ಬನ ಅದಾನ, ನಾ ಇನ್ನ ಕಲೀಬೇಕು. ಹೌದ್ರಿ. ಚಹಾಕ್ಕ ಬರ್ರಿ ಬೇಕಾದ್ರ."

ಹಾಗೆಂದು ಎಲ್ಲವೂ ಅಜ್ಜನ ಇಷ್ಟದಂತೆ ಆಗಲಿಲ್ಲ. ಇನ್ನು ಒಬ್ಬನೇ ಹೋಗುವಂತಿಲ್ಲ ಎಂದು ಅಪ್ಪ ಹೇಳಿದ. ಬೆಳಿಗ್ಗೆ ಮೂರು ತಾಸು ತಾನು ಜೊತೆಗೆ ಬರುತ್ತೇನೆ, ಕಬ್ಬಿನ ನೀರು ಮಧ್ಯಾಹ್ನಕ್ಕೆ, ಸಂಜೆ ಹಿಂಡು ಕಾಲುವೆ ದಾಟುವಂತಿಲ್ಲ. ಅಜ್ಜ ಗೊಣಗಿದ. ಮೂರು ತಾಸು ಆ ಮಗನ ಮಾತು ಕೇಳುವುದಕ್ಕಿಂತ ಕುರಿ ಮಾರುವುದೇ ವಾಸಿ ಎಂದ. ಆಯಿ ಇಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟು, ಹೊರಗೆ ಹೋಗಿ ಜಗಳಾಡಿ ಎಂದಳು.

ಸೋಮವಾರ ನಾನು ಮೊದಲ ಬಸ್ಸು ತಪ್ಪಿಸಿಕೊಂಡು ಕಾಲುವೆಯ ಏರಿಯ ಮೇಲೆ ಅವರ ಹಿಂದೆ ಸ್ವಲ್ಪ ದೂರ ನಡೆದೆ. ಅಪ್ಪ ಫೋನು ಹಿಡಿದು ಪ್ರತಿ ಕುರಿಯ ಹಿಂದೆ ಬಗ್ಗಿ ಬಗ್ಗಿ ಫೋಟೋ ತೆಗೆಯುತ್ತಿದ್ದ.

"ಯಪ್ಪಾ, ಇದು ಬೋಳಿ ಅಲ್ಲೇನು?"

"ಅಲ್ಲ."

"ಇದು?"

ಅಜ್ಜ ನಿಂತು, ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಮಗನನ್ನು ಮೇಲಿನಿಂದ ಕೆಳಗೆ ನೋಡಿದ.

"ಅದು ಕುರೀನ ಅಲ್ಲಲೇ, ದಶರಥನ ಹೋತ," ಎಂದ. "ಮೊದ್ಲ ಫೋನ್ ಕಿಸೆದಾಗ ಇಡು."